ಹುಣಿಸೆ ಬೀಜದಷ್ಟು

ಶಿರಾದಲ್ಲಿ ಕಾಂಪೌಂಡರ್ ನಾಗಲಿಂಗಯ್ಯ ಎಂದರೆ ಒಳ್ಳೆಯ ಮನುಷ್ಯ. ಯಾರನ್ನು ಬೇಕಾದರೂ ಕೇಳಿ. ಜಾತಿಗೀತಿ ನೋಡುವವನಲ್ಲ, ಹೊತ್ತುಗೊತ್ತು ಕೇಳುವವನಲ್ಲ, ಸೂಜಿ ಚುಚ್ಚಿದರೆ ನೋವೇ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಆ ನಾಗಲಿಂಗಯ್ಯ ನಾನೇ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಹೇಳಿದವರ ಬಾಯಿಗೆ ಹರಳೆಣ್ಣೆ ಸುರಿಯಬೇಕು ಅನ್ನಿಸುತ್ತದೆ. ಆ ಒಳ್ಳೆಯತನದಿಂದಲೇ ಒಬ್ಬ ಹೆಂಗಸನ್ನು ಕೊಂದವನು ನಾನು. ಒಂದೇ ಏಟಿಗಲ್ಲ, ಹದಿಮೂರು ವರ್ಷ ಹಿಡಿಯಿತು.

ಆಗ ನಮ್ಮೂರಲ್ಲಿ ಸಣ್ಣಕ್ಕನ ಧರ್ಮಾಸ್ಪತ್ರೆ ಎಂದು ಒಂದಿತ್ತು. ಕಡಲೆಕಾಯಿ ಮಂಡಿಯವರೊಬ್ಬರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಆರು ಮಂಚ, ಒಂದು ಆಪರೇಷನ್ ಕೋಣೆ, ಡಾಕ್ಟರ್ ಜಯರಾಮಯ್ಯನವರು, ಮತ್ತೆ ನಾನು. ಜಯರಾಮಯ್ಯನವರದು ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಲೇಬಲ್ಲು ಸೊಟ್ಟಗೆ ಅಂಟಿಸಿದರೆ ಸೀಸೆಯನ್ನೇ ಕಿಟಕಿಯಿಂದಾಚೆ ಎಸೆಯುತ್ತಿದ್ದರು. ನನಗೆ ಅವರೆಂದರೆ ಭಯ. ಆ ಭಯವೂ ಈ ಕೆಲಸಕ್ಕೆ ಒದಗಿ ಬಂತು.

ಐವತ್ತಮೂರನೇ ಇಸವಿಯ ನವೆಂಬರಿನಲ್ಲಿ, ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕಾಲದಲ್ಲಿ, ಕಲಾಯಿ ನಬೀ ಸಾಬರು ಹೆಂಡತಿ ಅಮೀನಾಬಿಯನ್ನು ಕರೆದುಕೊಂಡು ಬಂದರು. ನಬೀ ಸಾಬರನ್ನು ತಿಳಿಯದ ಮನೆ ನಮ್ಮ ಕಡೆ ಇರಲಿಲ್ಲ. ತಿದಿ ಹೊತ್ತುಕೊಂಡು ಬುಕ್ಕಾಪಟ್ಟಣ, ಮದಲೂರು ಎಂದು ತಿರುಗಿ, ಸಿಕ್ಕಿದ ಮರದ ಕೆಳಗೆ ಒಲೆ ಹೂಡಿ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಿಯ ಹಾಗೆ ಮಾಡಿಕೊಡುತ್ತಿದ್ದರು. ಅಮೀನಾಬಿಗೆ ಆಗ ಮೂವತ್ತರ ಆಸುಪಾಸು. ಕತ್ತಿನ ಬಲಮಗ್ಗುಲಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಗಂಟು. ಎರಡು ವರ್ಷದಿಂದ ಇತ್ತಂತೆ.

"ನೋವೇನೂ ಇಲ್ಲ ಸ್ವಾಮಿ," ಅಂದಳು ಆಕೆ. "ಸೆರಗು ಮುಚ್ಕಂಡ್ರೆ ಕಾಣಾಕೂ ಇಲ್ಲ. ಇವ್ರೇ ಹಟ ಮಾಡಿ ಕರ್ಕಂಬಂದ್ರು."

"ನೋವಿಲ್ಲ ಅನ್ನೋದೇ ನನಗೆ ಸರಿಬರ್ತಿಲ್ಲಮ್ಮ," ಅಂದರು ಜಯರಾಮಯ್ಯನವರು. ಆಕೆಗೆ ಒಂದು ಲೋಟ ನೀರು ಕೊಡಿಸಿ, ಗುಟುಕು ಗುಟುಕಾಗಿ ನುಂಗಲು ಹೇಳಿ, ಗಂಟಲ ಬುಡದಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಅಲ್ಲಿಯೂ ಬಟಾಣಿ ಕಾಳಿನಷ್ಟು ಒಂದು ಗಂಟಿತ್ತು. ನುಂಗಿದಾಗ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

ಅವರಿಬ್ಬರು ಹೊರಗೆ ಹೋದ ಮೇಲೆ ನನಗೆ ಹೇಳಿದರು. "ಇಂಥಾ ಗಂಟು ಕಂಡ್ರೆ ಎಲ್ಲರೂ ಕ್ಷಯದ್ದು ಅಂತಾರ್ರೀ. ಕ್ಷಯದ್ದಾದರೆ ಸೂಜಿಮದ್ದಿದೆ. ಆದರೆ ಗಂಟಲಲ್ಲೂ ಒಂದಿದೆಯಲ್ಲ, ಅಲ್ಲಿನ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟಿ ಕತ್ತಿನ ಪಕ್ಕಕ್ಕೆ ಬಂದಿದ್ದರೂ ಹೀಗೇ ಇರುತ್ತೆ. ಕೈಯಲ್ಲಿ ಮುಟ್ಟಿ ಯಾವನೂ ಹೇಳೋಕಾಗಲ್ಲ. ಗಂಟು ತೆಗೆದು ಬೆಂಗಳೂರಿಗೆ ಕಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು."

"ಕ್ಯಾನ್ಸರಾದರೆ ಮುಗೀತಲ್ಲ ಸಾರ್," ಅಂದೆ.

"ಯಾವನ್ರೀ ನಿಮಗೆ ಹೇಳಿದ್ದು? ಇದು ನಿಧಾನದ್ದು. ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ. ಈಗಲೇ ಗೊತ್ತಾದರೆ ಆ ಗ್ರಂಥೀನೇ ತೆಗೆದುಹಾಕ್ತಾರೆ. ಆಕೆ ಮೊಮ್ಮಕ್ಕಳ ಮದುವೆ ನೋಡ್ತಾಳೆ. ಗೊತ್ತಾಗಬೇಕು, ಅಷ್ಟೆ."

ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ತಿಳಿಯದೆ ತಪ್ಪು ಮಾಡಿದೆ ಎಂದು ಯಾರೂ ನನ್ನ ಪರ ವಹಿಸಬಾರದು. ನನಗೆ ಎಲ್ಲಾ ತಿಳಿದಿತ್ತು.

ಶನಿವಾರ ಬೆಳಿಗ್ಗೆ ಗಂಟು ತೆಗೆದದ್ದಾಯಿತು. ಜಾಗಕ್ಕಷ್ಟೇ ಮರವಟ್ಟಿಸುವ ಮದ್ದು ಕೊಟ್ಟಿದ್ದರಿಂದ ಅಮೀನಾಬಿ ಎಚ್ಚರವಾಗಿಯೇ ಇದ್ದಳು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾ ಮಲಗಿದ್ದಳು. ಜಯರಾಮಯ್ಯನವರು ಗಂಟನ್ನು ತಟ್ಟೆಯಲ್ಲಿಟ್ಟು, "ಫಾರ್ಮಲಿನ್‌ಗೆ ಹಾಕಿ, ಅರಗು ಹಚ್ಚಿ, ಸೋಮವಾರದ ಬಸ್ಸಿಗೆ ಹೋಗಲೇಬೇಕು" ಎಂದು ಹೇಳಿ, ಕೈ ತೊಳೆದು, ಮಧುಗಿರಿಯ ಮಾವನ ಮನೆಗೆ ಹೊರಟುಹೋದರು. ನಾನು ಸೀಸೆ ತೊಳೆದೆ. ಲೇಬಲ್ಲು ಬರೆದೆ. ಅದನ್ನು ನೆಟ್ಟಗೇ ಅಂಟಿಸಿದೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅದಕ್ಕೆ ಎರಡು ವರ್ಷ ಮೊದಲು ಕಲಂದರ್ ಎಂಬಾತನ ಕಾಲು ಗಾಡಿ ಚಕ್ರಕ್ಕೆ ಸಿಕ್ಕಿ ಕತ್ತರಿಸಬೇಕಾಗಿ ಬಂದಿತ್ತು. ಕತ್ತರಿಸಿದ ಕಾಲನ್ನು ನಾನು ಎಂದಿನಂತೆ ಹಿತ್ತಲ ಗುಂಡಿಗೆ ಹಾಕಿಸಿದೆ. ಆತನ ಅಣ್ಣತಮ್ಮಂದಿರು ಬಾಗಿಲಲ್ಲಿ ಬಿಳಿ ಬಟ್ಟೆ ಹಿಡಿದುಕೊಂಡು ನಿಂತಿದ್ದರು. ದೇಹದಿಂದ ಬೇರೆಯಾದದ್ದನ್ನು ಖಬರಸ್ಥಾನದಲ್ಲಿ ಮಣ್ಣು ಮಾಡುವುದು ಅವರ ಪದ್ಧತಿ. ಗುಂಡಿಯಿಂದ ಕಾಲನ್ನು ತೆಗೆಸಿ ಕೊಡುವ ಹೊತ್ತಿಗೆ ಬೀದಿಯೆಲ್ಲ ಸೇರಿತ್ತು, ನನ್ನ ಮಾನ ಮೂರು ಕಾಸಿಗೆ ಹರಾಜಾಗಿತ್ತು. ಅಂದಿನಿಂದ ಅವರ ಆಚಾರವೆಲ್ಲ ನನಗೆ ಕರತಲಾಮಲಕ ಎಂದುಕೊಂಡಿದ್ದೆ.

ಮಧ್ಯಾಹ್ನ ನಬೀ ಸಾಬರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಒಗೆದ ಬಿಳಿ ಬಟ್ಟೆಯ ಚೂರು.

"ಅಯ್ನೋರೇ, ಒಂದ್ಮಾತು. ಆ ಗಂಟು ನಿಮ್ಗೆ ಬೇಕಾ? ಬೇಕಿದ್ರೆ ಇಟ್ಕಳಿ, ನಂದೇನೂ..."

ನಾನು ಮಾತು ಮುಗಿಸಲು ಬಿಡಲೇ ಇಲ್ಲ. "ಅಯ್ಯೋ, ಅದನ್ನೂ ಕೇಳಬೇಕಾ ಸಾಬರೇ? ನಿಮ್ಮ ಪದ್ಧತಿ ನನಗೆ ಗೊತ್ತಿಲ್ವಾ?" ಅಂದೆ. ತಟ್ಟೆಯನ್ನು ನಾನೇ ತಂದು ಬಟ್ಟೆಯ ಮೇಲೆ ಬಗ್ಗಿಸಿದೆ. ಇಡೀ ಗಂಟು, ಒಂದು ಚೂರನ್ನೂ ಉಳಿಸಿಕೊಳ್ಳದೆ.

ಸೀಸೆ ಪಕ್ಕದಲ್ಲೇ ಇತ್ತು. ಚಾಕು ಪಕ್ಕದಲ್ಲೇ ಇತ್ತು. ಹುಣಿಸೆ ಬೀಜದಷ್ಟು ಕತ್ತರಿಸಿ ಸೀಸೆಗೆ ಹಾಕಿಕೊಂಡಿದ್ದರೆ ಸಾಕಿತ್ತು, ಉಳಿದದ್ದು ಮಣ್ಣಿಗೆ ಹೋಗಬಹುದಿತ್ತು. ಅದು ನನಗೆ ಹೊಳೆಯಲಿಲ್ಲವೆ? ಹೊಳೆಯಿತು. ಕೇಳಿದರೆ ಇವರು ಎಲ್ಲಿ ರಗಳೆ ಮಾಡುತ್ತಾರೋ ಅನ್ನಿಸಿತು. ಅರಗು ಕಾಯಿಸಬೇಕು, ಮೂರು ಪ್ರತಿ ಕಾಗದ ಬರೆಯಬೇಕು, ಬಸ್ಸಿನವನನ್ನು ಗೋಗರೆಯಬೇಕು ಎಂಬ ಸೋಮಾರಿತನವೂ ಇತ್ತು. ಅದರ ಮೇಲೆ, ಆ ಮನುಷ್ಯನ ಕಣ್ಣಲ್ಲಿ ನೀರು ಬಂದು, ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಾಗ, ನಾನೇ ದೊಡ್ಡ ಮಹಾತ್ಮ ಅನ್ನಿಸಿಬಿಟ್ಟಿತು. ಅದರ ರುಚಿಯೇ ಬೇರೆ ನೋಡಿ.

ಸೋಮವಾರ ಜಯರಾಮಯ್ಯನವರು ಬಂದವರೇ, "ಕಳಿಸಿದ್ರಾ?" ಅಂದರು.

"ಕಳಿಸಿದೆ ಸಾರ್."

ನಿಜ ಹೇಳಿದ್ದರೆ ಏನಾಗುತ್ತಿತ್ತು? ನಾಲ್ಕು ಸೀಸೆ ಕಿಟಕಿಯಿಂದಾಚೆ ಹೋಗುತ್ತಿದ್ದವು, ನಾಲ್ಕು ಬೈಗುಳ ಬೀಳುತ್ತಿದ್ದವು. ಆಮೇಲೆ ಗಂಟಲಲ್ಲಿದ್ದ ಇನ್ನೊಂದರ ಚೂರು ತೆಗೆಯುತ್ತಿದ್ದರು, ಇಲ್ಲವೆ ಆಕೆಯನ್ನೇ ಬೆಂಗಳೂರಿಗೆ ಕಳಿಸುತ್ತಿದ್ದರು. ಆ ನಾಲ್ಕು ಬೈಗುಳಕ್ಕೆ ಹೆದರಿದೆ.

ಮೂರು ವಾರ ಕಳೆಯುವಷ್ಟರಲ್ಲಿ ಜಯರಾಮಯ್ಯನವರು ಪಾವಗಡದಲ್ಲಿ ಸ್ವಂತ ದವಾಖಾನೆ ತೆರೆಯುವುದೆಂದು ಹೊರಟು ನಿಂತರು. ಸಾಮಾನು ಏರಿಸಲು ನಾನೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕಿಟಕಿ ಪಕ್ಕ ಕೂತವರು ನೆನಪು ಮಾಡಿಕೊಂಡು ಕೇಳಿದರು.

"ಆ ಕಲಾಯಿಯವನ ಹೆಂಡತಿ ರಿಪೋರ್ಟು ಬಂತೇನ್ರೀ? ಅದೊಂದು ತಲೇಲಿ ಕೊರೀತಾನೇ ಇದೆ. ಕೆಟ್ಟದ್ದು ಬಂದರೆ ಆಕೆನ ಬೆಂಗಳೂರಿಗೆ ಕಳಿಸಲೇಬೇಕು."

"ಬಂತು ಸಾರ್. ಸಾದಾ ಗಂಟಂತೆ. ಏನೂ ಇಲ್ಲವಂತೆ."

"ಸದ್ಯ," ಅಂದರು. ಮುಖ ಅರಳಿತು. ಬಸ್ಸು ಹೊರಟಿತು. ಅದೇ ಮಾತನ್ನು ಸಂಜೆ ನಬೀ ಸಾಬರ ಮನೆಗೆ ಹೋಗಿ ಹೇಳಿ, ಅಲ್ಲಿಯೂ ಮುಖಗಳು ಅರಳುವುದನ್ನು ನೋಡಿ ಬಂದೆ.

ಆಮೇಲಿನದು ಹೇಳಿದರೆ ಯಾರೂ ನಂಬುವುದಿಲ್ಲ. ಅಮೀನಾಬಿಗೆ ಏನೂ ಆಗಲಿಲ್ಲ! ಮೊದಲ ವರ್ಷವೆಲ್ಲ ಆಕೆಯ ಮನೆ ಮುಂದೆ ಹಾಯಲು ಹೆದರುತ್ತಿದ್ದೆ. ಎರಡನೇ ವರ್ಷ ಆಕೆ ಮಗಳನ್ನು ಹೆತ್ತಳು, ಜಹೀದಾ ಎಂದು ಹೆಸರಿಟ್ಟರು. ನಾಲ್ಕನೇ ವರ್ಷಕ್ಕೆ ಹೊಲಿಗೆಯ ಗುರುತು ಕೂದಲೆಳೆಯಷ್ಟಾಯಿತು. ಐದನೇ ವರ್ಷದ ಹೊತ್ತಿಗೆ ನಾನು ಹೇಳಿದ್ದು ಸುಳ್ಳೇ ಅಲ್ಲ, ಅದು ನಿಜಕ್ಕೂ ಸಾದಾ ಗಂಟೇ ಇದ್ದಿರಬೇಕು ಎಂದು ನಾನೇ ನಂಬಿಬಿಟ್ಟೆ. ಸರ್ರನೆ ಏರುವ ರೋಗವಾಗಿದ್ದರೆ ಆರು ತಿಂಗಳಲ್ಲೇ ನನ್ನ ಬಣ್ಣ ಬಯಲಾಗುತ್ತಿತ್ತು. ಇದು ನಿಧಾನದ್ದು. ಸುಳ್ಳುಗಾರನಿಗೆ ಇಂಥ ಅನುಕೂಲದ ರೋಗ ಇನ್ನೊಂದಿಲ್ಲ.

ಪ್ರತಿ ರಂಜಾನ್ ಹಬ್ಬಕ್ಕೂ ಆಕೆಯಿಂದ ನಮ್ಮ ಮನೆಗೆ ಶಾವಿಗೆ ಬರುತ್ತಿತ್ತು. ನಾವು ಲಿಂಗವಂತರು, ಅವರ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವವರಲ್ಲ ಎಂದು ತಿಳಿದು, ಹಸಿ ಶಾವಿಗೆ, ಸಕ್ಕರೆ, ಒಣಕೊಬ್ಬರಿ, ನಾಲ್ಕು ದ್ರಾಕ್ಷಿಯನ್ನು ಬೇರೆಬೇರೆ ಪೊಟ್ಟಣ ಕಟ್ಟಿ, ಮಡಿಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದಳು. ನಮ್ಮ ಮನಸ್ಸನ್ನು ಕೇಳಿ ತಿಳಿದುಕೊಂಡವಳು ಆಕೆ. ಒಂದು ಸಲ ನಮ್ಮವಳನ್ನೇ ಕರೆದು, "ಅಕ್ಕಾ, ಹೆಂಗೆ ಕಳಿಸಿದ್ರೆ ನಿಮ್ಗೆ ನಡೀತೈತೆ?" ಎಂದು ಕೇಳಿದ್ದಳಂತೆ. ಕೇಳಿದರೆ ಬಾಯಿ ಸವೆಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ನಾನಂತೂ ಆ ಶಾವಿಗೆಯ ಪಾಯಸ ಕುಡಿದು, ಮಾರನೆಯ ದಿನ ಹೋಟೆಲಿನಲ್ಲಿ ಕೂತು ಕಥೆ ಹೇಳುತ್ತಿದ್ದೆ. ಡಾಕ್ಟರ ಮಾತನ್ನೂ ಮೀರಿ ಆ ಬಡವನ ಧರ್ಮ ಉಳಿಸಿದೆ ಎಂದು. ಕೇಳಿದವರು ತಲೆದೂಗುತ್ತಿದ್ದರು.

ಹೀಗೆ ಹನ್ನೊಂದು ಸಲ ಶಾವಿಗೆ ಬಂತು. ಆ ವರ್ಷದ ಕೊನೆಗೆ, ಅರವತ್ತನಾಲ್ಕರಲ್ಲಿ, ಅಮೀನಾಬಿಯ ದನಿ ಒಡೆಯಿತು.

ಮೊದಲು ನೆಗಡಿ ಎಂದರು. ಆಮೇಲೆ ಅನ್ನ ನುಂಗುವಾಗ ಸಿಕ್ಕಿಕೊಳ್ಳತೊಡಗಿತು. ಆಸ್ಪತ್ರೆಗೆ ಬಂದು ಸೆರಗು ಸರಿಸಿದಾಗ ನಾನು ಕಂಡದ್ದು ಹಳೆಯ ಹೊಲಿಗೆಯ ಸುತ್ತ ಐದಾರು ಗಂಟು, ಗಂಟಲ ಬುಡದಲ್ಲಿ ಕಲ್ಲಿನಂಥ ಊತ. ಆಗಿದ್ದ ಹೊಸ ಡಾಕ್ಟರು ಒಂದೇ ನೋಟಕ್ಕೆ ಬೆಂಗಳೂರಿಗೆ ಚೀಟಿ ಬರೆದರು.

"ಅಣ್ಣ ಬಂದ್ರೆ ಓಗ್ತೀನಿ," ಅಂದಳು ಅಮೀನಾಬಿ ಆ ಒಡೆದ ದನಿಯಲ್ಲಿ. ಅಣ್ಣ ಎಂದರೆ ನಾನು. ಹೋದೆ.

ಬೆಂಗಳೂರಿನ ದೊಡ್ಡ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಚೂರು ತೆಗೆದು ನೋಡಿದ್ದಾಯಿತು, ಎದೆಯ ಎಕ್ಸರೇ ಆಯಿತು. ವಾರದ ಮೇಲೆ ನನ್ನನ್ನೂ ನಬೀ ಸಾಬರನ್ನೂ ಒಳಗೆ ಕರೆದರು. ಅಮೀನಾಬಿ ಹೊರಗೆ ಬೆಂಚಿನ ಮೇಲಿದ್ದಳು.

"ಗಂಟಲ ಗ್ರಂಥಿಯ ಕ್ಯಾನ್ಸರು. ಉಸಿರಿನ ನಾಳಕ್ಕೆ ಅಂಟಿಕೊಂಡಿದೆ, ಪೂರ್ತಿ ತೆಗೆಯೋಕಾಗಲ್ಲ. ಶ್ವಾಸಕೋಶದಲ್ಲೂ ಇದೆ. ಆದಷ್ಟು ತೆಗೆದು, ಕಿರಣ ಕೊಟ್ಟು, ಮಾತ್ರೆ ಕೊಡೋಣ. ಇದು ನಿಧಾನದ ಜಾತಿ, ಒಂದೆರಡು ವರ್ಷ ತಳ್ಳಬಹುದು." ಆಮೇಲೆ ಕೇಳಿದರು, "ಕತ್ತಲ್ಲಿ ಹಳೇ ಗಾಯ ಇದೆಯಲ್ಲ, ಆಗ ತೆಗೆದದ್ದನ್ನ ಯಾರೂ ಪರೀಕ್ಷೆ ಮಾಡಿಸಲಿಲ್ವೇ?"

ನಬೀ ಸಾಬರು ಕೈಮುಗಿದು ಹೇಳಿದರು. "ಮಾಡ್ಸಿದ್ರು ಸ್ವಾಮಿ. ಚೆನ್ನಾಗೈತೆ ಅಂತ ಬಂದಿತ್ತು. ಇವ್ರೇ ಹೇಳಿದ್ದು."

"ಹಾಗೆ ಬರೋದಕ್ಕೆ ಸಾಧ್ಯವೇ ಇಲ್ಲವಲ್ಲ," ಅಂದರು ಡಾಕ್ಟರು. "ನೋಡಿ, ತೆಗೆದ ಗಂಟನ್ನ ಮದ್ದಿನ ನೀರಿರೋ ಸೀಸೇಲಿ ಹಾಕಿ ಇಲ್ಲಿಗೆ ಕಳಿಸ್ತಾರೆ. ಅದನ್ನ ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡ್ತೀವಿ. ಗಂಟು ನಮ್ಮ ಕೈಗೆ ಬಂದಿದ್ದರೆ ಆಗಲೇ ಸಿಕ್ಕಿಬೀಳ್ತಿತ್ತು. ಆಗ ಸಿಕ್ಕಿದ್ದರೆ ಈಕೆ ಇವತ್ತು ಇಲ್ಲಿಗೆ ಬರಬೇಕಾಗಿರಲಿಲ್ಲ. ಹನ್ನೊಂದು ವರ್ಷ ಟೈಮ್ ಕೊಟ್ಟಿತ್ತು ಈ ರೋಗ. ಯಾರು ಆಗಿನ ಡಾಕ್ಟರು?"

"ಜಯರಾಮಯ್ಯ ಅಂತ ಸಾರ್," ಅಂದೆ ನಾನು. "ಈಗ ಪಾವಗಡದಲ್ಲಿದ್ದಾರೆ."

ಹೌದು, ಅಷ್ಟನ್ನೂ ಅಂದೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ನಾನು ಪಕ್ಕಕ್ಕೆ ತಿರುಗಿದಾಗ ನಬೀ ಸಾಬರು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಕಲಾಯಿಯ ಬಿಸಿಗೆ ಬೆಂದು ಕಪ್ಪಾದ ಅಂಗೈ. ಹೊರಗೆ ಬಂದು ಹೆಂಡತಿಗೆ, "ಮಾತ್ರೆ ಕೊಡ್ತಾರಂತೆ, ನಡಿ" ಅಂದರು. ತುಮಕೂರಿನಲ್ಲಿ ಇಳಿದು ಶಿರಾದ ಬಸ್ಸು ಹತ್ತುವವರೆಗೂ ಅಷ್ಟೇ ಅವರ ಮಾತು. ದುಃಖಕ್ಕೆ ಮೂಕರಾಗಿದ್ದಾರೆ ಎಂದುಕೊಂಡೆ. ನನಗೆ ಹಾಗಂದುಕೊಳ್ಳುವುದೇ ಬೇಕಾಗಿತ್ತು.

ಆಮೇಲೆ ಎರಡು ವರ್ಷ ನಾನು ಆ ಮನೆಗೆ ಮಾಡಿದ ಸೇವೆಯನ್ನು ಊರು ಇವತ್ತಿಗೂ ಹಾಡಿ ಹೊಗಳುತ್ತದೆ. ಕಿರಣ ಕೊಡಿಸಲು ಬೆಂಗಳೂರಿಗೆ ಕರೆದೊಯ್ದೆ. ಮಾತ್ರೆ ತಪ್ಪದಂತೆ ತರಿಸಿಕೊಟ್ಟೆ. ಉಸಿರು ಕಟ್ಟತೊಡಗಿದಾಗ ಅಲ್ಲಿ ಗಂಟಲಿಗೆ ತೂತು ಮಾಡಿ ಲೋಹದ ನಳಿಗೆ ಇಟ್ಟು ಕಳಿಸಿದರು. ಆ ನಳಿಗೆಯನ್ನು ದಿನಾ ಬೆಳಿಗ್ಗೆ ತೆಗೆದು, ಕುದಿಯುವ ನೀರಲ್ಲಿ ತೊಳೆದು, ಮತ್ತೆ ಇಡುತ್ತಿದ್ದವನು ನಾನೇ. ನಳಿಗೆ ಇಟ್ಟ ಮೇಲೆ ಅಮೀನಾಬಿಗೆ ಮಾತು ನಿಂತಿತು. ಕೆಲಸ ಮುಗಿದಾಗ ಎದೆಯ ಮೇಲೆ ಕೈಯಿಟ್ಟು ತುಟಿಯಲ್ಲೇ 'ಅಣ್ಣ' ಅನ್ನುತ್ತಿದ್ದಳು. ಹೇಳಿಬಿಡೋಣ, ಇವತ್ತು ಹೇಳಿಬಿಡೋಣ ಎಂದು ದಿನಾ ಬಾಯಿಗೆ ಬರುತ್ತಿತ್ತು. ಸಾಯುವವಳಿಗೆ ಯಾಕೆ ನೋವು ಕೊಡುವುದು ಎಂದು ದಿನಾ ನುಂಗುತ್ತಿದ್ದೆ. ನೋಡಿ, ಅಲ್ಲಿಯೂ ನನ್ನ ಒಳ್ಳೆಯತನವೇ ಅಡ್ಡ ಬಂತು.

ನಾನು ನಳಿಗೆ ತೊಳೆಯುವಾಗ ನಬೀ ಸಾಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮರ್ಯಾದೆಗೆ ಕಡಿಮೆ ಮಾಡಲಿಲ್ಲ, ಕುರ್ಚಿ ಹಾಕುತ್ತಿದ್ದರು, ಕೈಗೆ ನೀರು ಕೊಡುತ್ತಿದ್ದರು. ಆದರೆ ಮೊದಲಿನ ಹಾಗೆ ಕೈ ಹಿಡಿದುಕೊಳ್ಳುತ್ತಿರಲಿಲ್ಲ. ಆ ಎರಡು ವರ್ಷವೂ ಶಾವಿಗೆ ಬಂತು. ಒಟ್ಟು ಹದಿಮೂರಾಯಿತು.

ಅರವತ್ತಾರರ ಸೆಪ್ಟೆಂಬರಿನಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ಅಮೀನಾಬಿ ತೀರಿಕೊಂಡಳು. ಮೊಮ್ಮಕ್ಕಳ ಮದುವೆಯ ಮಾತು ಬಿಡಿ, ಜಹೀದಾಗೆ ಆಗಿನ್ನೂ ಹನ್ನೊಂದು. ಮಧ್ಯಾಹ್ನದ ನಮಾಜು ಮುಗಿಸಿ ಖಬರಸ್ಥಾನಕ್ಕೆ ಒಯ್ದರು. ನಾನೂ ಹೋದೆ. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದೆ. "ಸ್ವಂತ ಅಣ್ಣನೂ ಇಷ್ಟು ಮಾಡ್ತಿರಲಿಲ್ಲ" ಎಂದು ಯಾರೋ ನನ್ನ ಹೆಗಲು ತಟ್ಟಿದರು.

ಜನ ಒಬ್ಬೊಬ್ಬರಾಗಿ ಚದುರಿದರು. ನಾನೂ ನಬೀ ಸಾಬರೂ ಉಳಿದೆವು. ಗೋರಿಯ ತಲೆಯ ಕಡೆ, ಬೇವಿನ ಬುಡದಲ್ಲಿ, ಅಂಗೈಯಗಲದ ಒಂದು ಚಪ್ಪಡಿ ಕಲ್ಲಿತ್ತು. ಅವರು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಇಲ್ಲೇ ಅಯ್ನೋರೇ ಅವತ್ತು ಅದನ್ನ ಮಣ್ ಮಾಡಿದ್ದು. ಗುರ್ತಿಗೆ ಕಲ್ಲಿಟ್ಟಿದ್ದೆ. ಅದ್ರ ಪಕ್ಕದಾಗೇ ಮಲಗ್ಸಿ ಅಂತ ಅವ್ಳು ಕೈಸನ್ನೆ ಮಾಡಿ ಕೇಳಿದ್ಲು."

ನಾನೂ ಅವರ ಪಕ್ಕ ಕೂತೆ. "ಸಾಬರೇ, ನಿಮಗೊಂದು ಮಾತು ಹೇಳಬೇಕು," ಅಂದೆ.

"ಬ್ಯಾಡ. ಬೆಂಗ್ಳೂರಾಗೇ ತಿಳೀತು. ಗಂಟು ನನ್ ಕೈಯಾರೆ ಮಣ್ಣಾಗೈತೆ, ಅಲ್ಲಿಗೆ ಓಗಿದ್ದು ಯಾವ್ದು, ರಿಪೋರ್ಟು ಎಲ್ಲಿಂದ ಬಂತು ಅಂತ ಅಲ್ಲೇ ಕೂತು ಯೋಚ್ನೆ ಮಾಡ್ದೆ. ನಾನು ಕಲಾಯಿಯೋನು, ಓದಿಲ್ಲ. ಆದ್ರೆ ದಡ್ಡ ಅಲ್ಲ."

"ಎರಡು ವರ್ಷ ಯಾಕೆ ಸುಮ್ಮನಿದ್ದಿರಿ?"

"ಅವ್ಳು ನಿಮ್ಮುನ್ನ ಅಣ್ಣ ಅಂತಿದ್ಲು. ಇರೋಗಂಟ ಅವ್ಳಿಗೊಬ್ಬ ಅಣ್ಣ ಇರ್ಲಿ ಅಂತ ಸುಮ್ಕಿದ್ದೆ." ಕಲ್ಲಿನ ಮೇಲೆ ಬಿದ್ದ ಬೇವಿನೆಲೆ ಸರಿಸುತ್ತಾ ಕೇಳಿದರು, "ಅಲ್ಲಿಗೆ ಕಳಿಸಾಕೆ ಇಡೀದೇ ಬೇಕಿತ್ತಾ?"

"ಇಲ್ಲ."

"ಮತ್ತೆ ಎಷ್ಟು?"

"ಹುಣಿಸೆ ಬೀಜದಷ್ಟು."

"ನಾನು ಕೇಳಿದ್ನಲ್ಲ ಅಯ್ನೋರೇ. ಬೇಕಿದ್ರೆ ಇಟ್ಕಳಿ ಅಂತ ಬಾಯ್ಬಿಟ್ಟು ಕೇಳಿದ್ನಲ್ಲ. ಜೀವಕ್ಕಿಂತ ಗಂಟು ದೊಡ್ದು ಅಂತ ನಮ್ ಪದ್ಧತಿನಾಗೆ ಯಾರೂ ಹೇಳಿಲ್ಲ. ನೀವು ಕೇಳ್ನೇ ಇಲ್ಲ."

ಬೈಯಲಿಲ್ಲ, ದನಿ ಏರಿಸಲಿಲ್ಲ. ಆ ಕಲ್ಲನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿನ ಮಣ್ಣನ್ನು ಎರಡು ಬೆರಳಲ್ಲಿ ಚಿಟಿಕೆಯಷ್ಟು ತೆಗೆದರು. ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಅದರಲ್ಲಿ ಹಾಕಿದರು. ಹದಿಮೂರು ವರ್ಷದ ಹಿಂದೆ ಕಣ್ಣಿಗೊತ್ತಿಕೊಂಡಿದ್ದ ಅದೇ ಕೈ.

"ತಗಳಿ, ಇದ್ರಾಗೈತೆ. ಈಗ ಕಳಿಸಿ," ಅಂದರು. ಎದ್ದು ಕೈಯ ಮಣ್ಣು ಕೊಡವಿಕೊಂಡು ಹೋದರು. ತಿರುಗಿ ನೋಡಲಿಲ್ಲ.

ಅವರು ಈ ವಿಷಯವನ್ನು ಯಾರಿಗೂ ಹೇಳಿಲ್ಲ. ಹೇಳಿದ್ದರೆ ಊರು ನನ್ನನ್ನು ಒಳ್ಳೆಯವನೆನ್ನುವುದನ್ನಾದರೂ ನಿಲ್ಲಿಸುತ್ತಿತ್ತು. ನಾನೂ ಹೇಳಿಲ್ಲ, ಪಾವಗಡಕ್ಕೆ ಒಂದು ಕಾಗದವನ್ನೂ ಹಾಕಿಲ್ಲ. ಮುಂದಿನ ಜನವರಿಯಲ್ಲಿ ರಂಜಾನ್ ಹಬ್ಬ ಬಂತು. ಶಾವಿಗೆ ಬರಬಾರದು, ಬಂದರೆ ಆ ಮನುಷ್ಯನ ಮುಖ ನೋಡುವುದು ಹೇಗೆ ಎಂದುಕೊಳ್ಳುತ್ತಲೇ ಬೆಳಿಗ್ಗೆಯಿಂದ ಜಗಲಿಯ ಮೇಲೆ ಕೂತಿದ್ದೆ. ಬರಲಿಲ್ಲ. ಆದರೂ ಸಂಜೆಯವರೆಗೆ ಕಾದೆ.